ಒಂದು ಆಸ್ಪತ್ರೆಯ ಜಮಾ ಖರ್ಚು

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಎಷ್ಟು ಹಣ ಬರುತ್ತದೆ, ಅದು ಯಾವುದಕ್ಕೆ ಖರ್ಚಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಯಾವುದಾದರೂ ಒಂದು ಪುಸ್ತಕದಲ್ಲಿ ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೆ. ಚಿತ್ರದುರ್ಗದ ಕಡೆ ಅಡಿಕೆ ಮಂಡಿಯೊಂದರಲ್ಲಿ ಬಹುಕಾಲ ಕಿರ್ದಿ ಬರೆದವನ ನಂಬಿಕೆ ಅದು. ಮಂಡಿಯಲ್ಲಿ ಎಷ್ಟು ಚೀಲ ಇಳಿದರೂ, ಎಷ್ಟು ಜನರ ಮುಂಗಡ ಬಾಕಿ ಇದ್ದರೂ ಸಂಜೆ ಶಟರ್ ಎಳೆಯುವ ಮುಂಚೆ ಶಿಲ್ಕು, ಅಂದರೆ ಕೊನೆಗೆ ಉಳಿದ ಹಣ, ತಾಳೆಯಾಗಬೇಕು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಗುಮಾಸ್ತ ಮನೆಗೆ ಹೋಗುವಂತಿಲ್ಲ. ಸರ್ಕಾರಿ ಆಸ್ಪತ್ರೆಗೂ ಅಂಥದೊಂದು ಪುಸ್ತಕ ಇರುತ್ತದೆ, ಕೇಳಿದರೆ ತೋರಿಸುತ್ತಾರೆ ಇಲ್ಲವೇ ತೋರಿಸುವುದಿಲ್ಲ, ಅಷ್ಟೇ ಎಂದುಕೊಂಡಿದ್ದೆ. ಅಂಥ ಪುಸ್ತಕವೇ ಇಲ್ಲ ಎಂದು ತಿಳಿಯುವ ಹೊತ್ತಿಗೆ ವರ್ಷದ ಮೇಲಾಗಿತ್ತು.

ಊರಿನ ಹೆಸರು ಬೇಡ. ಚಿತ್ರದುರ್ಗ ಜಿಲ್ಲೆಯಲ್ಲಿ ಅಡಿಕೆ ತೋಟವೂ ಅದಿರಿನ ಲಾರಿಯೂ ಜೊತೆಯಲ್ಲೇ ಇರುವ ಸೀಮೆ ಎಂದರೆ ಸಾಕು. ಮಂಡಿಯ ಕೆಲಸದಿಂದ ಬಿಡುವಾದ ಮೇಲೆ ನನ್ನನ್ನು ನಮ್ಮ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ಸೇರಿಸಿಕೊಂಡರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಬೇರೆ ರಾಜ್ಯಗಳಲ್ಲಿ ರೋಗಿ ಕಲ್ಯಾಣ ಸಮಿತಿ ಎಂದು ಹೆಸರಾದದ್ದೇ ನಮ್ಮಲ್ಲಿ ಆರೋಗ್ಯ ರಕ್ಷಾ ಸಮಿತಿ. ವೈದ್ಯಾಧಿಕಾರಿ, ಪಂಚಾಯಿತಿಯವರು, ಊರಿನ ಒಂದಿಬ್ಬರು ಕುಳಿತು ಕೇಂದ್ರದ ಸಣ್ಣಪುಟ್ಟ ಖರ್ಚುಗಳನ್ನು ತೀರ್ಮಾನಿಸುವ ಸಭೆ ಅದು. ಲೆಕ್ಕ ಬಲ್ಲವನೊಬ್ಬ ಇರಲಿ ಎಂದು ನನ್ನನ್ನು ಕರೆದರಂತೆ. ಕರೆದವರು ಆಮೇಲೆ ಪರಿತಪಿಸಿದ್ದರೂ ಆಶ್ಚರ್ಯವಿಲ್ಲ.

ಮೊದಲ ಜಗಳ ಎದ್ದದ್ದು ಪಾಸ್ ಪುಸ್ತಕದ ಮೇಲೆ. ಸಭೆಯ ನಡುವೆ ಪಂಚಾಯಿತಿ ಸದಸ್ಯರೊಬ್ಬರು ಅಭಿಯಾನದ ಹಣದ ಪಾಸ್ ಪುಸ್ತಕ ತರಿಸಿ ತೆರೆದರು. ಶಿಲ್ಕಿನ ಕಾಲಂನಲ್ಲಿ ಸೊನ್ನೆ. ಹಿಂದಿನ ಪುಟ ತಿರುವಿದರು, ಅಲ್ಲೂ ಸೊನ್ನೆ. "ಏನು ಡಾಕ್ಟರೇ, ಲಕ್ಷಗಟ್ಟಲೆ ಬರುತ್ತದೆ ಎನ್ನುತ್ತೀರಿ, ಇಲ್ಲಿ ಬೀಡಿಗೂ ಕಾಸಿಲ್ಲವಲ್ಲ?" ಎಂದರು. ಡಾಕ್ಟರಿಗೆ ವಯಸ್ಸು ಚಿಕ್ಕದು, ಮುಖ ಕೆಂಪಾಯಿತು. ಏನೋ ಹೇಳಲು ಹೋಗಿ ತೊದಲಿದರು. ಸಂಜೆಯೊಳಗೆ ಸುದ್ದಿ ಬಸ್ ನಿಲ್ದಾಣದ ಟೀ ಅಂಗಡಿ ಸೇರಿತು. ಆಸ್ಪತ್ರೆಯ ದುಡ್ಡನ್ನೆಲ್ಲ ತಿಂದು ಮುಗಿಸಿದ್ದಾರೆ, ಖಾತೆ ಗುಡಿಸಿ ಹಾಕಿದ್ದಾರೆ ಎಂದು ಮಾತಾಯಿತು.

ನಾನೂ ಆ ಸೊನ್ನೆಯನ್ನು ಕಣ್ಣಾರೆ ನೋಡಿದ್ದೆ. ನಿಜಾಂಶ ತಿಳಿಸಿದವರು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಲೆಕ್ಕ ನೋಡಿಕೊಳ್ಳುವ ಹುಡುಗ. ಹಿಂದೆಲ್ಲ ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ನಮ್ಮ ಖಾತೆಗೆ ಹಣವೇ ಇಳಿದು ಬರುತ್ತಿತ್ತು, ಖರ್ಚಾಗದೆ ವರ್ಷಗಟ್ಟಲೆ ಕೊಳೆಯುತ್ತಲೂ ಇತ್ತು. 2021ರಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ನಿಯಮ ಬದಲಾಯಿಸಿತು. ಒಂದು ಯೋಜನೆಗೆ ಇಡೀ ರಾಜ್ಯದಲ್ಲಿ ಒಂದೇ ಖಾತೆ. ಉಳಿದವರದ್ದೆಲ್ಲ ಶೂನ್ಯ ಶಿಲ್ಕಿನ ಖಾತೆ. ನಮಗೆ ಬರುವುದು ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ. ನಾವು ಅಂಗಡಿಯವನಿಗೆ ಪಾವತಿ ಮಾಡಿದ ಗಳಿಗೆಯಲ್ಲಿ ಅಷ್ಟೇ ಹಣ ಮೇಲಿನ ಖಾತೆಯಿಂದ ಬಂದು ಅವನಿಗೆ ಹೋಗುತ್ತದೆ. ಪಾಸ್ ಪುಸ್ತಕದಲ್ಲಿ ಸೊನ್ನೆ ಕಂಡರೆ ಎಲ್ಲವೂ ಸರಿಯಿದೆ ಎಂದೇ ಅರ್ಥ. "ಯಜಮಾನರೇ, ಶಿಲ್ಕು ಉಳಿದಿದ್ದರೇ ನಮಗೆ ಮೇಲಿನಿಂದ ಪತ್ರ ಬರುತ್ತದೆ" ಎಂದು ಆ ಹುಡುಗ ನಕ್ಕ.

ಇದನ್ನು ಟೀ ಅಂಗಡಿಗೆ ವಿವರಿಸುವುದು ಸುಲಭವಾಗಿರಲಿಲ್ಲ. ಪಾಸ್ ಪುಸ್ತಕ ಹಳ್ಳಿಯವರು ಓದಬಲ್ಲ ಏಕೈಕ ಸರ್ಕಾರಿ ದಾಖಲೆಯಾಗಿತ್ತು. ಈಗ ಅದರಲ್ಲಿ ಓದಲು ಏನೂ ಇಲ್ಲ. ಮಿತಿ ಎಷ್ಟು, ಅದರಲ್ಲಿ ಬಳಸಿದ್ದೆಷ್ಟು ಎಂಬುದು ಕಂಪ್ಯೂಟರಿನೊಳಗೆ, ಪಾಸ್‌ವರ್ಡ್ ಇರುವವರಿಗೆ ಮಾತ್ರ ಕಾಣುತ್ತದೆ. ಹಣ ಕೊಳೆಯುವುದು ನಿಂತಿದ್ದು ಒಳ್ಳೆಯದೇ, ಅದನ್ನು ಅಲ್ಲಗಳೆಯಲಾರೆ. ಆದರೆ ಊರಿನ ಕಣ್ಣಳತೆಯಿಂದ ಲೆಕ್ಕ ಇನ್ನೊಂದು ಮಾರು ದೂರ ಹೋಯಿತು.

ಆ ಗಲಾಟೆಯ ನಂತರವೇ ನಾನು 2023–24ರ ಒಂದು ವರ್ಷಕ್ಕೆ ನಮ್ಮ ಕೇಂದ್ರದ ಪೂರ್ಣ ಜಮಾ ಖರ್ಚನ್ನು ಒಂದು ಹಾಳೆಗೆ ಇಳಿಸುತ್ತೇನೆ ಎಂದು ಸಭೆಯಲ್ಲಿ ಹೇಳಿದ್ದು. ಡಾಕ್ಟರು ಒಪ್ಪಿದರು. ತಮ್ಮ ಮೇಲೆ ಬಂದ ಮಾತನ್ನು ತೊಳೆದುಕೊಳ್ಳುವುದು ಅವರಿಗೂ ಬೇಕಿತ್ತು.

ಸಮಿತಿಯ ಹಣದಿಂದ ಶುರು ಮಾಡಿದೆ, ಏಕೆಂದರೆ ಅದರ ನಗದು ಪುಸ್ತಕ ಕೇಂದ್ರದಲ್ಲೇ ಇತ್ತು. ಅಭಿಯಾನದ ಮೊದಲ ಮಾರ್ಗಸೂಚಿಯ ಪ್ರಕಾರ ಪ್ರಾಥಮಿಕ ಕೇಂದ್ರವೊಂದಕ್ಕೆ ವರ್ಷಕ್ಕೆ ಸಮಿತಿಯ ಹೆಸರಿನಲ್ಲಿ 1 ಲಕ್ಷ, ಕಟ್ಟಡ ನಿರ್ವಹಣೆಗೆ 50 ಸಾವಿರ, ಯಾವ ಕಟ್ಟುಪಾಡೂ ಇಲ್ಲದ 25 ಸಾವಿರ, ಒಟ್ಟು ಒಂದೂಮುಕ್ಕಾಲು ಲಕ್ಷ. ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ಪ್ರತ್ಯೇಕವಾಗಿ 10 ಸಾವಿರ. ಮಾರ್ಗಸೂಚಿಯಲ್ಲಿ ಇರುವಷ್ಟು ಪ್ರತಿ ವರ್ಷ ಪೂರ್ತಿ ಬರುತ್ತದೆ ಎಂದೇನಿಲ್ಲ. ನಗದು ಪುಸ್ತಕವನ್ನು ಕಿರಿಯ ಸಹಾಯಕಿ ಅಚ್ಚುಕಟ್ಟಾಗಿ ಬರೆದಿದ್ದರು. ಫಿನಾಯಿಲು, ಟ್ಯೂಬ್‌ಲೈಟು, ಶೌಚಾಲಯದ ನಲ್ಲಿ, ಹೊರರೋಗಿ ಚೀಟಿಗಳ ಮುದ್ರಣ, ಹೆರಿಗೆ ಕೋಣೆಯ ಪರದೆ, ಇನ್ವರ್ಟರ್ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರು. ಪ್ರತಿಯೊಂದಕ್ಕೂ ಓಚರ್, ಓಚರಿನ ಹಿಂದೆ ಡಾಕ್ಟರ ಸಹಿ. ಕೂಡಿಸಿ ನೋಡಿದೆ, ತಾಳೆಯಾಯಿತು. ಎದ್ದು ಕಾಣುತ್ತಿದ್ದದ್ದು ಒಂದೇ: ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ನಾಲ್ಕು ಪುಟ, ಫೆಬ್ರುವರಿ ಮತ್ತು ಮಾರ್ಚ್‌ಗೆ ಏಳು ಪುಟ. ಮಿತಿ ತಡವಾಗಿ ಬರುತ್ತದೆ, ಮಾರ್ಚ್ 31ಕ್ಕೆ ಬಳಸದೆ ಉಳಿದದ್ದು ಕೈಬಿಟ್ಟು ಹೋಗುತ್ತದೆ. ಹಾಗಾಗಿ ವರ್ಷವಿಡೀ ಇಲ್ಲದ ಫಿನಾಯಿಲು ಶಿವರಾತ್ರಿಯ ಹೊತ್ತಿಗೆ ಡಬ್ಬಗಟ್ಟಲೆ ಬಂದು ನಿಲ್ಲುತ್ತದೆ.

ಇಷ್ಟಕ್ಕೆ ಮುಗಿಸಿದ್ದರೆ ಸಭೆಯೂ ಸುಮ್ಮನಾಗುತ್ತಿತ್ತು. ಆದರೆ ಹಾಳೆಯಲ್ಲಿ ಸಂಬಳ ಎಲ್ಲಿದೆ ಎಂದು ಹುಡುಕಲು ಹೊರಟೆ.

ಸಂಬಳ ಜಿಲ್ಲಾ ಪಂಚಾಯಿತಿಯದು. ಕರ್ನಾಟಕದಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗಿನಿಂದ ಹಳ್ಳಿಯ ಆಸ್ಪತ್ರೆಗಳು ಅವುಗಳ ಕೈಕೆಳಗೆ ಬಂದವು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದ ಆ ಬದಲಾವಣೆಯನ್ನು ನಮ್ಮ ತಲೆಮಾರಿನವರು ಕೊಳವೆಬಾವಿಯ ನೀರಿಗಾಗಿ ನೆನೆಯುತ್ತೇವೆ. ಆಸ್ಪತ್ರೆಯ ಹಾಜರಿ ಪುಸ್ತಕ ಕೂಡ ಆಗಲೇ ಬೆಂಗಳೂರಿನಿಂದ ಜಿಲ್ಲೆಗೆ ಇಳಿದದ್ದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮವೂ ಸಂವಿಧಾನದ ಹನ್ನೊಂದನೆಯ ಅನುಸೂಚಿಯೂ ಅದನ್ನು ಗಟ್ಟಿ ಮಾಡಿದವು. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳು ಪಂಚಾಯಿತಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿಯಲ್ಲಿವೆ.

ರಾಜ್ಯ ಬಜೆಟ್ಟಿನ ಜೊತೆಗೆ ಹಣಕಾಸು ಇಲಾಖೆ ಲಿಂಕ್ ಡಾಕ್ಯುಮೆಂಟ್ ಎಂಬ ದಪ್ಪ ಪುಸ್ತಕ ಹೊರತರುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಎಂಬುದು ಅದರಲ್ಲಿರುತ್ತದೆ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯಕ್ಕೆ 2210, ಕುಟುಂಬ ಕಲ್ಯಾಣಕ್ಕೆ 2211, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ 4210. ಚಿತ್ರದುರ್ಗದ ಪುಟಗಳನ್ನು ಮುದ್ರಿಸಿಕೊಂಡು ಕನ್ನಡಕ ಬದಲಿಸಿ ಕುಳಿತೆ. ಜಿಲ್ಲೆಯ ಎಲ್ಲ ಕೇಂದ್ರಗಳಿಗೂ ಸೇರಿ ಮೊತ್ತ ಇತ್ತು. ನಮ್ಮ ಕೇಂದ್ರದ ಹೆಸರು ಎಲ್ಲೂ ಇರಲಿಲ್ಲ, ಇರಬೇಕಾದ ಪುಸ್ತಕವೂ ಅದಲ್ಲ. ಕೇಂದ್ರವಾರು ಸಂಬಳ ಸಿಗಬೇಕಾದರೆ ಹಣ ಸೆಳೆಯುವ ಅಧಿಕಾರಿಯ ಬಿಲ್ಲುಗಳಿಂದ ಹೆಕ್ಕಬೇಕು. ಅದರಲ್ಲೂ ಒಂದು ತೊಡಕು. ನಮ್ಮಲ್ಲಿ ಸಂಬಳ ಪಡೆಯುತ್ತಿದ್ದ ಪ್ರಯೋಗಶಾಲಾ ತಂತ್ರಜ್ಞರು ನಿಯೋಜನೆಯ ಮೇಲೆ ವಾರದಲ್ಲಿ ಅರ್ಧದಷ್ಟು ದಿನ ಬೇರೆ ಕೇಂದ್ರದಲ್ಲಿದ್ದರು. ಇನ್ನೊಂದು ಕೇಂದ್ರದಲ್ಲಿ ಸಂಬಳ ಬರೆಸುತ್ತಿದ್ದ ಶುಶ್ರೂಷಕಿ ನಮ್ಮಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಸಂಬಳ ಒಂದೆಡೆ, ಕೆಲಸ ಇನ್ನೊಂದೆಡೆ. ಯಾರದ್ದನ್ನು ಎಲ್ಲಿ ಬರೆಯುವುದು? ಕೆಲಸ ಎಲ್ಲಿ ಆಯಿತೋ ಅಲ್ಲಿ ಬರೆಯುತ್ತೇನೆ ಎಂದು ನಾನೇ ನಿರ್ಧರಿಸಿ, ಹಾಳೆಯ ಅಂಚಿನಲ್ಲಿ ಹಾಗೆಂದು ನಮೂದಿಸಿದೆ.

ಸಂಬಳದ ಮೊತ್ತ ಕೈಗೆ ಬಂದಾಗ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಸಮಿತಿ ಇಡೀ ವರ್ಷ ಕೂಗಾಡಿ, ಠರಾವು ಬರೆದು, ಸಹಿ ಹಾಕಿ ಖರ್ಚು ಮಾಡುವ ಒಂದೂಮುಕ್ಕಾಲು ಲಕ್ಷ ಅದೇ ಕಟ್ಟಡದ ಒಂದು ತಿಂಗಳ ಸಂಬಳಕ್ಕೂ ಸಾಲುವುದಿಲ್ಲ. ಊರಿಗೆ ಬಿಟ್ಟುಕೊಟ್ಟ ನಿರ್ಧಾರ ಫಿನಾಯಿಲು ಮತ್ತು ಪರದೆಯದ್ದು. ಡಾಕ್ಟರು ಇರುತ್ತಾರೋ ಇಲ್ಲವೋ, ಔಷಧಿ ಯಾವುದು ಬರುತ್ತದೆ, ಹೊಸ ಕೋಣೆ ಕಟ್ಟುತ್ತಾರೋ ಇಲ್ಲವೋ ಎಂಬುದೆಲ್ಲ ಮೇಲೆಯೇ ಉಳಿದಿದೆ. ಹಣಬಳಕೆ ಪ್ರಮಾಣಪತ್ರ ಬರೆಯುವ ಭಾರ ಮಾತ್ರ ಪೂರ್ತಿಯಾಗಿ ಕೆಳಗೆ ಬಂದಿದೆ.

ಔಷಧಿಯ ಕಾಲಂ ತುಂಬಿಸಿದ ದಿನಗಳು ನನಗೆ ಬಹಳ ಇಷ್ಟವಾದವು. ಫಾರ್ಮಸಿ ಅಧಿಕಾರಿ ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ನಿವೃತ್ತಿಗೆ ಹತ್ತಿರವಾದವರು. ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ಅವರ ಮೇಜಿನ ಎದುರು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ದಾಸ್ತಾನು ಪುಸ್ತಕದಲ್ಲಿ ಮಾತ್ರೆಯ ಹೆಸರು, ಬಂದ ಸಂಖ್ಯೆ, ಕೊಟ್ಟ ಸಂಖ್ಯೆ, ಉಳಿಕೆ, ಅವಧಿ ಮುಗಿಯುವ ತಿಂಗಳು ಎಲ್ಲ ಇದ್ದವು. ಬೆಲೆಯ ಕಾಲಂ ಇರಲಿಲ್ಲ. "ಬೆಲೆ ನಮಗೆ ಯಾಕೆ ಸ್ವಾಮಿ? ನಾವೇನು ಮಾರುತ್ತೇವೆಯೇ?" ಎಂದರು. ಸರಿಯಾದ ಮಾತು. ಔಷಧಿಯನ್ನು ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆದು ಕೊಳ್ಳುತ್ತದೆ, ಜಿಲ್ಲೆಯ ಔಷಧ ಉಗ್ರಾಣಕ್ಕೆ ಇಳಿಸುತ್ತದೆ, ಅಲ್ಲಿಂದ ಕೇಂದ್ರದ ಬೇಡಿಕೆ ಪಟ್ಟಿಯಂತೆ ಬರುತ್ತದೆ. ಹಣದ ರೂಪದಲ್ಲಿ ಒಂದು ರೂಪಾಯಿಯೂ ನಮ್ಮ ಕಡೆ ಹಾಯುವುದಿಲ್ಲ. ಮಕ್ಕಳ ಲಸಿಕೆಯಂತೂ ಕೇಂದ್ರ ಸರ್ಕಾರದಿಂದ ತಣ್ಣನೆಯ ಪೆಟ್ಟಿಗೆಯಲ್ಲೇ ಬರುತ್ತದೆ.

ಆದರೆ ಉಗ್ರಾಣದಿಂದ ಬರುವ ಇನ್‌ವಾಯ್ಸ್‌ನಲ್ಲಿ ದರ ಇರುತ್ತದೆ. ಫಾರ್ಮಸಿಯವರು ಅವುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ದಿನಾಂಕದ ಕ್ರಮದಲ್ಲಿ ಜೋಡಿಸಿ, ಮೇಲೆ ಇಂಜೆಕ್ಷನ್ ಬಾಟಲಿಗಳ ಖಾಲಿ ಟ್ರೇ ಇಟ್ಟಿದ್ದರು. ಅವರು ಹೆಸರು ಓದುವುದು, ನಾನು ಸಂಖ್ಯೆಗೆ ದರ ಗುಣಿಸುವುದು. ಪ್ಯಾರಾಸಿಟಮಾಲ್ ಮಾತ್ರೆಯ ಸರ್ಕಾರಿ ದರ ಕೇಳಿ ನಾನು ಎರಡು ಬಾರಿ ಕೇಳಿದೆ, ಅಷ್ಟು ಅಗ್ಗ. ಪೈಸೆಗಳಲ್ಲಿ ಲೆಕ್ಕ. ಮುಖ್ಯ ಮೊತ್ತ ಬಂದದ್ದು ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಮತ್ತು ನಾಯಿ ಕಚ್ಚಿದವರ ಲಸಿಕೆಯಿಂದ. ತೋಟಕ್ಕೆ ರಾತ್ರಿ ನೀರು ಬಿಡಲು ಹೋಗುವವರ ಸೀಮೆ ಇದು. ಮೂರು ಹಂತದ ವಿದ್ಯುತ್ ಯಾವಾಗ ಕೊಡುತ್ತಾರೋ ಆಗಲೇ ಹೋಗಬೇಕು, ಹಾವಿಗೂ ಅದೇ ಹೊತ್ತು. ಹಾಗಾಗಿ ವಿದ್ಯುತ್ ವೇಳಾಪಟ್ಟಿಯ ಒಂದು ಪಾಲು ನಮ್ಮ ಔಷಧಿ ಖರ್ಚಿನಲ್ಲಿದೆ ಎಂದು ನಾನು ಹೇಳಿದರೆ ಫಾರ್ಮಸಿಯವರು ತಲೆಯಾಡಿಸಿದರು. ಅವಧಿ ಮೀರಿದ ಔಷಧಿಯನ್ನು ಖರ್ಚು ಎನ್ನುವುದೋ ನಷ್ಟ ಎನ್ನುವುದೋ ಎಂಬ ಬಗ್ಗೆ ಅವರಿಗೂ ನನಗೂ ಒಂದು ಮಧ್ಯಾಹ್ನ ಪೂರ್ತಿ ವಾದವಾಯಿತು. ಮಂಡಿಯಲ್ಲಿ ಬೂಸು ಹಿಡಿದ ಅಡಿಕೆಯನ್ನು ನಷ್ಟದಲ್ಲೇ ಬರೆಯುತ್ತಿದ್ದೆವು. ಇಲ್ಲೂ ಹಾಗೇ ಬರೆದೆ. ಅವರು ಒಪ್ಪಲಿಲ್ಲ.

ಗ್ರಾಮ ಪಂಚಾಯಿತಿಯ ಕಡೆ ಹೋದಾಗ ಬೇರೆಯದೇ ಪ್ರಶ್ನೆ ಎದ್ದಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೇಡಂ ಕಂಪ್ಯೂಟರಿನಲ್ಲಿ ತೋರಿಸಿದ ಪಾವತಿಗಳಲ್ಲಿ ಡೆಂಗಿ ಕಾಲದ ಹೊಗೆ ಹಾಕಿದ್ದು, ಚರಂಡಿ ಎತ್ತಿಸಿದ್ದು, ನೀರಗಂಟಿ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿ ಎಲ್ಲ ಇದ್ದವು. ಇವೆಲ್ಲ ಆರೋಗ್ಯದ ಖರ್ಚೇ ತಾನೆ? ಈ ಪ್ರಶ್ನೆಗೆ ಉತ್ತರ ಹೇಳಿದವಳು ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ನನ್ನ ತಂಗಿಯ ಮಗಳು. ಹಬ್ಬಕ್ಕೆ ಬಂದವಳು ನನ್ನ ಹಾಳೆ ನೋಡಿ, "ಮಾವ, ನೀವು ಮಾಡುತ್ತಿರುವುದನ್ನು ದೇಶಕ್ಕೇ ಮಾಡುತ್ತಾರೆ, ರಾಷ್ಟ್ರೀಯ ಆರೋಗ್ಯ ಲೆಕ್ಕ ಎಂದು ಪ್ರತಿ ವರ್ಷ ವರದಿ ಬರುತ್ತದೆ" ಎಂದಳು. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ರೂಪಿಸಿದ 2011ರ ಒಂದು ಚೌಕಟ್ಟು ಇದೆಯಂತೆ. ಹಣ ಮೂಲದಲ್ಲಿ ಯಾರದು, ಯಾರ ಕೈ ಹಾದು ಬಂತು, ಯಾವ ಆಸ್ಪತ್ರೆ ಅಥವಾ ಅಂಗಡಿ ಸೇರಿತು, ಯಾವ ಸೇವೆಗೆ ಆಯಿತು ಎಂದು ಒಂದೇ ರೂಪಾಯಿಯನ್ನು ನಾಲ್ಕು ಬಾರಿ ಕೇಳುವುದು ಅದರ ಕ್ರಮ. ಕುಡಿಯುವ ನೀರು, ಚರಂಡಿ ಆ ಲೆಕ್ಕದ ಹೊರಗೆ. ಸೊಳ್ಳೆ ನಿಯಂತ್ರಣ ಒಳಗೆ. ನಾನು ಹೊಗೆಯನ್ನು ಉಳಿಸಿಕೊಂಡು ಚರಂಡಿಯನ್ನು ಬಿಟ್ಟೆ. ಬ್ಲೀಚಿಂಗ್ ಪುಡಿಯನ್ನು ಬಿಡಲು ಮನಸ್ಸಾಗಲಿಲ್ಲ. ವಾಂತಿಭೇದಿ ಬಂದ ವರ್ಷಗಳನ್ನು ನೋಡಿದವನು ನಾನು, ದೇಶದ ಚೌಕಟ್ಟು ಏನೇ ಹೇಳಲಿ. ಅದಕ್ಕೊಂದು ಪ್ರತ್ಯೇಕ ಸಾಲು ಎಳೆದು ಮೊತ್ತಕ್ಕೆ ಸೇರಿಸದೆ ಕೆಳಗೆ ಬರೆದಿದ್ದೇನೆ.

ಅವಳು ಹಿಡಿದುಕೊಟ್ಟ ಇನ್ನೊಂದು ಎಚ್ಚರಿಕೆ ನಿಜಕ್ಕೂ ಉಪಯೋಗಕ್ಕೆ ಬಂತು. ಒಂದೇ ಹಣ ಮೂರು ಕಚೇರಿಯ ಪುಸ್ತಕದಲ್ಲಿ ಇರುತ್ತದೆ. ಜಿಲ್ಲೆಯಲ್ಲಿ ಬಿಡುಗಡೆ, ತಾಲ್ಲೂಕಿನಲ್ಲಿ ಹಂಚಿಕೆ, ಕೇಂದ್ರದಲ್ಲಿ ಖರ್ಚು. ಮೂರನ್ನೂ ಕೂಡಿದರೆ ನಮ್ಮ ಆಸ್ಪತ್ರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಷ್ಟು ಶ್ರೀಮಂತವಾಗುತ್ತದೆ. ಅಭಿಯಾನದ ವರದಿಗಳಲ್ಲಿ ಪ್ರತಿ ಚಟುವಟಿಕೆಗೂ ಒಂದು ಸಂಖ್ಯೆ ಇರುತ್ತದೆ. ತಾಯಂದಿರಿಗೆ ಕೊಡುವ ಜನನಿ ಸುರಕ್ಷೆಯ ಹಣಕ್ಕೆ ಒಂದು, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನಕ್ಕೆ ಒಂದು. ಈ ಎರಡೂ ನೇರವಾಗಿ ಅವರವರ ಬ್ಯಾಂಕ್ ಖಾತೆಗೆ ಹೋಗುತ್ತವೆ, ನಮ್ಮ ನಗದು ಪುಸ್ತಕದಲ್ಲಿ ಗುರುತೂ ಇರುವುದಿಲ್ಲ. ಹೆರಿಗೆ ಮಾತ್ರ ನಮ್ಮ ಕೋಣೆಯಲ್ಲೇ ಆಗಿರುತ್ತದೆ. ಖಜಾನೆ ಲೆಕ್ಕ ಶೀರ್ಷಿಕೆಯ ಪ್ರಕಾರ ಎಣಿಸುತ್ತದೆ, ಅಭಿಯಾನ ಚಟುವಟಿಕೆಯ ಪ್ರಕಾರ, ಉಗ್ರಾಣ ಮಾತ್ರೆಯ ಪ್ರಕಾರ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಚಿಕಿತ್ಸಾ ಯೋಜನೆ ರೋಗಿಯ ಪ್ರಕಾರ. ಎಲ್ಲರ ಎಣಿಕೆಯೂ ಸರಿಯೇ. ಜಾಗದ ಪ್ರಕಾರ ಎಣಿಸುವವರು ಯಾರೂ ಇಲ್ಲ.

ಕೆಲವು ಅಂಕಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲೇಬೇಕಾಯಿತು. 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹೊಸಬರಿಗೆ ಇದು ಅಡ್ಡಿ ಎನಿಸಬಹುದು, ನನಗೆ ಒಳ್ಳೆಯ ಶಿಸ್ತು ಎನಿಸಿತು. ಎಲ್ಲ ಖರ್ಚಿನ ವಿವರ ಕೊಡಿ ಎಂದು ಬರೆದರೆ ಏನೂ ಬರುವುದಿಲ್ಲ. ಇಂಥ ವರ್ಷದ, ಇಂಥ ಶೀರ್ಷಿಕೆಯ, ಇಂಥ ಕೇಂದ್ರಕ್ಕೆ ಸಂಬಂಧಿಸಿದ ಬಿಲ್ಲಿನ ಪ್ರತಿ ಎಂದು ಕೇಳಿದರೆ 30 ದಿನದೊಳಗೆ ಬಂದದ್ದುಂಟು. ಬರದೆ ಮೇಲ್ಮನವಿ ಹಾಕಿದ್ದೂ ಉಂಟು. ಕಾಂಪೌಂಡ್ ಗೋಡೆಯ ಖರ್ಚು ಕೇಳಿದ ಅರ್ಜಿ ಮಾತ್ರ ಕಾಯ್ದೆಯ 6(3)ನೆಯ ಪ್ರಕರಣದಡಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗವಾಗುತ್ತ, ಪ್ರತಿ ವರ್ಗಾವಣೆಯ ಪ್ರತಿಯನ್ನು ನನಗೂ ಕಳಿಸುತ್ತ, ಜಿಲ್ಲೆಯ ಎಂಜಿನಿಯರಿಂಗ್ ವಿಭಾಗಗಳನ್ನೆಲ್ಲ ನನಗೆ ಪರಿಚಯ ಮಾಡಿಸಿತು. ಗೋಡೆ ಕಟ್ಟಿಸಿದವರು ಯಾರು ಎಂಬುದು ಇನ್ನೂ ಗೊತ್ತಾಗಿಲ್ಲ. ಗೋಡೆ ಚೆನ್ನಾಗಿದೆ.

ಅದಿರಿನ ಸೀಮೆಯಾದ್ದರಿಂದ ನಮಗೆ ಇನ್ನೊಂದು ಬಾಗಿಲೂ ಇದೆ. 2015ರ ತಿದ್ದುಪಡಿಯ ನಂತರ ಗಣಿಗಾರಿಕೆಯಿಂದ ತೊಂದರೆಗೊಳಗಾದ ಪ್ರದೇಶಕ್ಕಾಗಿ ಪ್ರತಿ ಗಣಿ ಜಿಲ್ಲೆಯಲ್ಲೂ ಖನಿಜ ಪ್ರತಿಷ್ಠಾನ ಇದೆ. ಅದರ ಹಣ ಹೋಗಬೇಕಾದ ಆದ್ಯತೆಯ ಕ್ಷೇತ್ರಗಳಲ್ಲಿ ಆರೋಗ್ಯವೂ ಒಂದು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿ ಪ್ರದೇಶದ ಪುನಶ್ಚೇತನಕ್ಕೆ ಬೇರೆಯೇ ಒಂದು ನಿಗಮವೂ ಇದೆ. ನಮ್ಮ ಕೇಂದ್ರದಲ್ಲಿ ಗಣಿ ಹಣದ್ದು ಎಂದು ಎಲ್ಲರೂ ಹೇಳುವ ಇಸಿಜಿ ಯಂತ್ರ ಇದೆ. ದಾಸ್ತಾನು ಪುಸ್ತಕದಲ್ಲಿ ಯಂತ್ರ ಒಂದು ಎಂದು ಬರೆದಿದೆ, ಬೆಲೆ ಇಲ್ಲ. ಕೊಡುಗೆಯಾಗಿ ಬಂದ ಕುರ್ಚಿ, ಮಂಚ, ಫ್ಯಾನುಗಳದ್ದೂ ಅದೇ ಕಥೆ. ಕೇಳಿ ಬರೆದಿದ್ದೇನೆ. ಆ ಸಾಲು ಈಗಲೂ ಖಾಲಿ.

ಹಿಂದಾಗಿದ್ದರೆ ಇಂಥದ್ದನ್ನೆಲ್ಲ ಜಿಲ್ಲಾ ಪಂಚಾಯಿತಿ ಸದಸ್ಯರ ಬಳಿ ಹೇಳಿದರೆ ಸಾಕಿತ್ತು. ಅಧಿನಿಯಮದ ಪ್ರಕಾರ ಜಿಲ್ಲಾ ಪಂಚಾಯಿತಿಗೆ ಶಿಕ್ಷಣ ಮತ್ತು ಆರೋಗ್ಯಕ್ಕೆಂದೇ ಒಂದು ಸ್ಥಾಯಿ ಸಮಿತಿ ಇರಬೇಕು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದರು. ನಾನು ಹಾಳೆ ಹಿಡಿದು ಅಲೆದಾಡುತ್ತಿದ್ದಾಗ ಸದಸ್ಯರೇ ಇರಲಿಲ್ಲ, ಸ್ಥಾಯಿ ಸಮಿತಿ ಇನ್ನೆಲ್ಲಿ. ಅಧಿಕಾರಿಗಳು ಸೌಜನ್ಯದಿಂದಲೇ ಮಾತನಾಡಿಸಿದರು. ಆದರೆ ಹಣ ಬಿಡುಗಡೆಯಾದದ್ದು ಯಾಕೆ ಜನವರಿಯಲ್ಲಿ ಎಂದು ಮೇಜು ಕುಟ್ಟಿ ಕೇಳುವ ಹಕ್ಕು ಇರುವವರು ಒಬ್ಬರೂ ಆ ಕಟ್ಟಡದಲ್ಲಿ ಇಲ್ಲದಿದ್ದರೆ, ಅಧಿಕಾರ ವಿಕೇಂದ್ರೀಕರಣ ಎಂಬುದು ಕಾಗದ ಕೆಳಗಿಳಿಯುವ ವ್ಯವಸ್ಥೆಯಾಗಿ ಉಳಿಯುತ್ತದೆ.

ಹಾಳೆ ಮುಗಿದಾಗ ಸಮಿತಿಯ ಮುಂದಿಟ್ಟೆ. ಸಂಬಳ ಎಲ್ಲಕ್ಕಿಂತ ಮೇಲೆ, ಎರಡನೆಯದು ಔಷಧಿ, ಅದರ ಕೆಳಗೆ ಆಶಾ ಮತ್ತು ತಾಯಂದಿರ ಹಣ, ಕಟ್ಟಕಡೆಗೆ ನಮ್ಮ ಸಮಿತಿ. ಮೊದಲು ಪಾಸ್ ಪುಸ್ತಕ ಬಿಚ್ಚಿದ್ದ ಸದಸ್ಯರು ಬಹಳ ಹೊತ್ತು ನೋಡಿದರು. "ಇಷ್ಟೆಲ್ಲ ಬರುತ್ತದೆಯೇ? ಹಾಗಾದರೆ ಜನ ದಾವಣಗೆರೆಗೆ ಯಾಕೆ ಹೋಗುತ್ತಾರೆ?" ಎಂದರು. ನನ್ನ ಹಾಳೆಯಲ್ಲಿ ಇಲ್ಲದ್ದನ್ನೇ ಅವರು ಕೇಳಿದ್ದರು. ಜನರ ಜೇಬಿನಿಂದ ಹೋಗುವ ಹಣ. ರಾಷ್ಟ್ರೀಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಾವೇ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ. ಆ ವರದಿ ರಾಜ್ಯದವರೆಗೆ ಬಂದು ನಿಲ್ಲುತ್ತದೆ, ಜಿಲ್ಲೆಗೆ ಇಳಿಯುವುದಿಲ್ಲ. ನಮ್ಮೂರಿನ ಪಾಲು ಎಷ್ಟು ಎಂದು ಹೇಳಲು ಯಾವ ಕಾಗದವೂ ನನ್ನ ಬಳಿ ಇರಲಿಲ್ಲ.

ಆ ಸಭೆಯಲ್ಲಿ ಎರಡು ಠರಾವು ಆದವು. ಮಿತಿ ಬಂದ ತಿಂಗಳೇ ವರ್ಷದ ಖರೀದಿ ಪಟ್ಟಿ ಮಾಡಿ, ಬೇಕಾದದ್ದನ್ನು ಆಗಲೇ ಕೊಳ್ಳುವುದು, ಮೊದಲ ಸಾಲಿಗೆ ಲಸಿಕೆಯ ಫ್ರಿಜ್ಜಿನ ಇನ್ವರ್ಟರ್ ಬ್ಯಾಟರಿ. ಮಿತಿಯ ಪುಟವನ್ನು ಪ್ರತಿ ತಿಂಗಳೂ ಮುದ್ರಿಸಿ ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕ ಅಂಟಿಸುವುದು. ಎರಡನೆಯದಕ್ಕೆ ಒಂದಷ್ಟು ಗೊಣಗಾಟ ಬಂತು, ಆದರೆ ಟೀ ಅಂಗಡಿಯ ಪ್ರಸಂಗ ಎಲ್ಲರಿಗೂ ನೆನಪಿತ್ತು.

ಜೇಬಿನ ಹಣದ ಲೆಕ್ಕಕ್ಕೆ ದಾರಿ ಹೇಳಿದವರು ಆಶಾ ಕಾರ್ಯಕರ್ತೆಯೊಬ್ಬರು. "ಅಣ್ಣ, ಮನೆಮನೆಗೆ ಹೇಗೂ ಹೋಗುತ್ತೇವೆ, ಕೇಳಿದರೆ ಹೇಳುತ್ತಾರೆ" ಎಂದರು. ಅವರಿಗೆ ಈಗಾಗಲೇ ಇರುವ ಸಮೀಕ್ಷೆಗಳ ಹೊರೆ ಗೊತ್ತಿದ್ದರಿಂದ ನಾನು ಎರಡು ಊರು ಸಾಕು ಎಂದೆ, ಬರೆಯುವ ಕೆಲಸ ನನ್ನದು ಎಂದೆ. ಪ್ರಶ್ನೆಗಳನ್ನು ನಾಲ್ಕಕ್ಕೆ ಇಳಿಸಿದೆವು. ಕಳೆದ ಮೂರು ತಿಂಗಳಲ್ಲಿ ಕಾಯಿಲೆಗೆ ಎಲ್ಲಿಗೆ ಹೋದಿರಿ, ಔಷಧಿ ಅಂಗಡಿಗೆ ಎಷ್ಟು ಕೊಟ್ಟಿರಿ, ಬಸ್ಸು ಮತ್ತು ಆಟೊಗೆ ಎಷ್ಟಾಯಿತು, ಸಾಲ ಮಾಡಿದಿರಾ. ಆಕೆ ಪಟ್ಟಿ ನೋಡಿ ಐದನೆಯದೊಂದು ಸೇರಿಸಬೇಕು ಎಂದರು: ನಮ್ಮ ಆಸ್ಪತ್ರೆಗೆ ಯಾಕೆ ಬರಲಿಲ್ಲ? ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೇರಿಸಿ, ಆದರೆ ಆ ಉತ್ತರಗಳನ್ನು ಸಭೆಗೆ ತರುವ ಮುಂಚೆ ಒಮ್ಮೆ ನನಗೆ ತೋರಿಸಿ ಎಂದರು. ಡಾಕ್ಟರಿಗೂ ಸಭೆಗೂ ಒಂದೇ ದಿನ ತೋರಿಸುತ್ತೇನೆ ಎಂದಿದ್ದೇನೆ. ಕೊಯ್ಲು ಶುರುವಾಗುವ ಮುಂಚೆ, ಜನ ಮನೆಯಲ್ಲಿ ಸಿಗುವಾಗಲೇ ಕೇಳಿ ಮುಗಿಸಬೇಕು.